ಕರೆದರೂ ಬಾರದ ದುಭಾಷಿ

“ಗುರುಗಳೇ, ದು… ಬಂದಾಯಿತು. ಕಾರ್ಡು ಮಾತನಾಡಿತು. ಕೆಲಸ ಮುಗಿಯಿತು. ಇನ್ನು ಅದನ್ನೆಲ್ಲ ಬರೆದಿಡುವುದು ಏಕೆ?”

ಶಿಷ್ಯೆ ಕೇಳಿದ ಪ್ರಶ್ನೆ ಇದು. ಇದರಲ್ಲಿ ಒಂದು ಪದ ನನ್ನ ನಾಲಿಗೆಗೆ ಬರುತ್ತಿಲ್ಲ. ದು ಎಂದು ಮೊದಲಾಗುವ ಪದ. ದೂತ ಅಲ್ಲ. ದಲ್ಲಾಳಿ ಖಂಡಿತ ಅಲ್ಲ, ಹಾಗೆಂದರೆ ಗುರುಗಳು ಸಿಟ್ಟಾಗುತ್ತಿದ್ದರು. ಹಿಂದೆ ದೊರೆಯ ಸಭೆಗೆ ಪರದೇಶದ ವರ್ತಕ ಬಂದರೆ ಇಬ್ಬರ ನಡುವೆ ಒಬ್ಬ ನಿಲ್ಲುತ್ತಿದ್ದ. ದೊರೆಯ ಮಾತನ್ನು ವರ್ತಕನಿಗೆ ತಿಳಿಸುತ್ತಿದ್ದ. ವರ್ತಕನ ಮಾತನ್ನು ದೊರೆಗೆ ತಿಳಿಸುತ್ತಿದ್ದ. ಅವನಿಗೆ ಏನೆನ್ನುತ್ತಾರೆ? ನಾನು ಜಬಲ್‌ಪುರಕ್ಕೆ ಬಂದು ಬಹಳ ಕಾಲವಾಯಿತು. ಇಲ್ಲಿ ನನ್ನ ಜೊತೆ ಕನ್ನಡ ಆಡುವವರೇ ಕಡಿಮೆ, ಆ ಪದ ಕಿವಿಗೆ ಬೀಳುವುದೇ ಇಲ್ಲ.

ದುಭಾಷಿ. ಹೌದು, ದುಭಾಷಿ.

ಕಂಪ್ಯೂಟರಿನ ಒಳಗೂ ಅಂಥವನೊಬ್ಬ ಇರುತ್ತಾನೆ. ಲೋಕವೆಲ್ಲ ಅವನನ್ನು ಡ್ರೈವರ್ ಎನ್ನುತ್ತದೆ. ಯಂತ್ರಕ್ಕೆ ಒಂದು ಭಾಷೆ. ಹೊರಗಿನ ತಂತಿಯನ್ನು ಸಿಕ್ಕಿಸುವ ನೆಟ್‌ವರ್ಕ್ ಕಾರ್ಡಿಗೆ ಇನ್ನೊಂದು ಭಾಷೆ. ನಡುವೆ ಡ್ರೈವರ್ ನಿಲ್ಲದಿದ್ದರೆ ಹೊರಗಿನ ಸುದ್ದಿ ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ನಮ್ಮ ಗುರುಗಳು ಅವನನ್ನು ದುಭಾಷಿ ಎಂದೇ ಕರೆಯುತ್ತಿದ್ದರು.

ಗುರುಗಳ ಹೆಸರು ಓಬಳಯ್ಯ. ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಕಲಿಸುತ್ತಿದ್ದರು. ಅವರಲ್ಲಿ ಒಂದು ಕಟ್ಟಳೆಯಿತ್ತು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇರುತ್ತಿತ್ತು. ಯಾವ ಯಂತ್ರವನ್ನು ಯಾರು ಸರಿಮಾಡಿದರೂ, ಏನು ಕೆಟ್ಟಿತ್ತು, ಏಕೆ ಕೆಟ್ಟಿತ್ತು, ಏನು ಮಾಡಿದೆ ಎಂದು ಅದರಲ್ಲಿ ಬರೆದು ಕೆಳಗೆ ಹೆಸರು ಹಾಕಬೇಕು. ಆ ಪುಸ್ತಕವನ್ನು ಯಾರು ಬೇಕಾದರೂ ಓದಬಹುದು.

ಆ ದಿನ ಶಿಷ್ಯೆ ಒಂದು ಯಂತ್ರದ ಮುಂದೆ ಅರ್ಧ ದಿನ ಕಳೆದಿದ್ದಳು. ಕಾರ್ಡು ಸತ್ತಿದೆ ಎಂದು ಎಲ್ಲರಿಗೂ ಹೇಳಿದ್ದಳು. ಕಾರ್ಡು ಸತ್ತಿರಲಿಲ್ಲ. ಅವಳು ಕಾರ್ಡು ಬಂದ ಡಬ್ಬದ ಮೇಲಿನ ಹೆಸರು ನೋಡಿ ದುಭಾಷಿಯನ್ನು ಕರೆದಿದ್ದಳು. ಡಬ್ಬದೊಳಗೆ ಇದ್ದದ್ದು ಬೇರೆ ಕಾರ್ಡು. ಅದಕ್ಕೆ ಬೇರೆ ದುಭಾಷಿ ಬೇಕಾಗಿತ್ತು. ಕೊನೆಗೆ ಕಾರ್ಡನ್ನೇ ಹೊರತೆಗೆದು ಅದರ ಮೈಮೇಲಿನ ಅಂಕಿ ಓದಿ, ಸರಿಯಾದವನನ್ನು ಕರೆದಳು. ಕೆಲಸ ಆಯಿತು. ಆದರೆ ಪುಸ್ತಕ ತೆರೆಯಲು ಅವಳಿಗೆ ಮನಸ್ಸಿರಲಿಲ್ಲ. ಡಬ್ಬದ ಹೆಸರು ನಂಬಿ ಮೋಸಹೋದೆ ಎಂದು ಬರೆದರೆ ನಾಳೆ ಬರುವವರೆಲ್ಲ ಓದಿ ನಗುತ್ತಾರೆ.

ಅದಕ್ಕೇ ಆ ಪ್ರಶ್ನೆ ಕೇಳಿದಳು. ಉತ್ತರವಾಗಿ ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳ ಶಾಲೆ ಇತ್ತು. ಆ ಊರು ಯಾವುದೆಂದು ನನಗೆ ಗೊತ್ತಿಲ್ಲ. ಶಾಲೆಯ ಕಂಪ್ಯೂಟರನ್ನು ನೋಡಿಕೊಳ್ಳುವುದಕ್ಕೆ ಒಬ್ಬ ರಿಪೇರಿಯವಳಿದ್ದಳು. ಅವಳನ್ನೂ ನಾನು ಕಂಡಿಲ್ಲ.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್. ಅದು ಊರೊಟ್ಟಿನ ಸ್ವತ್ತು. ಬೇರೆ ಬೇರೆ ದೇಶದ ಜನ ಸೇರಿ ಬರೆದದ್ದು. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಶಾಲೆಯವರು ಅದನ್ನು ಆರಿಸಿಕೊಂಡದ್ದು ಅದಕ್ಕೇ. ಕಂಪ್ಯೂಟರಿಗೆ ಒಂದು ಬ್ರೈಲ್ ಮುದ್ರಣಯಂತ್ರವನ್ನು ಜೋಡಿಸಿದ್ದರು. ಅದು ಶಾಯಿಯಿಂದ ಅಚ್ಚು ಮಾಡುವುದಿಲ್ಲ. ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಉಬ್ಬಿಸುತ್ತದೆ. ಮಕ್ಕಳು ಆ ಚುಕ್ಕಿಗಳನ್ನು ಬೆರಳಿನಿಂದ ಓದುತ್ತಾರೆ.

ಮೊದಲಿಗೆ ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ತಪ್ಪು ಚುಕ್ಕಿ ಹೊಡೆಯುತ್ತಿತ್ತು. ರಿಪೇರಿಯವಳು ಒಂದು ವರ್ಷ ಕೂತು, ಒಂದೊಂದೇ ಅಕ್ಷರ ತಿದ್ದಿ ಅದಕ್ಕೆ ಕನ್ನಡ ಕಲಿಸಿದಳು. ಅವಳು ತಿದ್ದಿದ್ದೆಲ್ಲ ಆ ಒಂದು ಕಂಪ್ಯೂಟರಿನಲ್ಲೇ ಇತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಅದೂ ತಪ್ಪೇ. ಆದರೆ ಅದರ ಕತೆ ಇನ್ನೊಂದು ದಿನ.

ಆ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಜಾಣೆ. ಆದರೂ ಹಿಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದಳು. ಪರೀಕ್ಷೆಯಲ್ಲಿ ಆ ಮಕ್ಕಳ ಪಕ್ಕ ಒಬ್ಬರು ಕೂತು ಪ್ರಶ್ನೆ ಓದುವುದು ವಾಡಿಕೆ. ಒಂದು ಪ್ರಶ್ನೆ ಉದ್ದವಾಗಿತ್ತು. ಅವಳು ಇನ್ನೊಮ್ಮೆ ಓದಿ ಎಂದಳು. ಓದಿದರು. ಮತ್ತೊಮ್ಮೆ ಎಂದಳು. “ಎಷ್ಟು ಸಲ ಓದೋದಮ್ಮ? ಕಿವಿಯಾದರೂ ಕೇಳುತ್ತೋ ಇಲ್ಲವೋ?” ಎಂದರು. ಅಲ್ಲಿಂದ ಮುಂದೆ ಅವಳು ಯಾವ ಪ್ರಶ್ನೆಯನ್ನೂ ಎರಡನೆಯ ಸಲ ಕೇಳಲಿಲ್ಲ. ಅರ್ಥವಾಗದ ಪ್ರಶ್ನೆಗೂ ಅರ್ಥವಾದವಳಂತೆ ಉತ್ತರ ಬರೆದಳು.

ಫಲಿತಾಂಶ ಬಂದ ದಿನ ಅವಳು ಅಳಲಿಲ್ಲ. ಹಿರಿಯ ಉಪಾಧ್ಯಾಯಿನಿಯ ಹತ್ತಿರ ಹೋಗಿ ಒಂದೇ ಮಾತು ಹೇಳಿದಳು. “ಮಿಸ್, ನನ್ನ ಪ್ರಶ್ನೆ ನಾನೇ ಓದಬೇಕು.”

ಉಪಾಧ್ಯಾಯಿನಿ ವರ್ಷವಿಡೀ ಅರ್ಜಿ ಬರೆದರು. ಕೊನೆಗೆ ಪರೀಕ್ಷೆ ನಡೆಸುವವರು ಒಪ್ಪಿದರು. ಪರೀಕ್ಷೆಯ ದಿನ ಬೆಳಿಗ್ಗೆ ಎಂಟೂವರೆಗೆ ಪ್ರಶ್ನೆಪತ್ರಿಕೆ ಇಂಟರ್ನೆಟ್ಟಿನಲ್ಲಿ ಬರುತ್ತದೆ. ಶಾಲೆಯವರೇ ಬ್ರೈಲಿನಲ್ಲಿ ಅಚ್ಚು ಮಾಡಿಕೊಳ್ಳಬಹುದು. ಹತ್ತು ಗಂಟೆಗೆ ಪರೀಕ್ಷೆ. ಆದರೆ ಒಂದು ಷರತ್ತು. ಒಂಬತ್ತೂವರೆಗೆ ಅಚ್ಚು ಸಿದ್ಧವಿಲ್ಲದಿದ್ದರೆ ಓದುವವರನ್ನೇ ಕೂರಿಸಬೇಕು. ಮತ್ತೆ ಈ ಮಾತು ಎತ್ತಬಾರದು.

ಗಣಿತ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಸಿಡಿಲು ಹೊಡೆಯಿತು. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು ಸುಟ್ಟುಹೋಯಿತು. ಉಳಿದದ್ದೆಲ್ಲ ಉಳಿಯಿತು.

ರಿಪೇರಿಯವಳು ಗಾಬರಿಯಾಗಲಿಲ್ಲ. ಬಸ್ಸು ಹತ್ತಿ ಪೇಟೆಗೆ ಹೋದಳು. ಒಂದು ಕೆಟ್ಟರೆ ಇನ್ನೊಂದು ಇರಲೆಂದು ಒಂದೇ ಬಗೆಯ ಎರಡು ಹೊಸ ಕಾರ್ಡು ತಂದಳು. ಬೆಳಿಗ್ಗೆ ಆರು ಗಂಟೆಗೆ ಶಾಲೆಗೆ ಬಂದು, ಸುಟ್ಟದ್ದನ್ನು ತೆಗೆದು ಹೊಸದನ್ನು ಹಾಕಿದಳು. ತಂತಿ ಸಿಕ್ಕಿಸಿದಳು. ಯಂತ್ರವನ್ನು ಚಾಲೂ ಮಾಡಿದಳು.

ಕಾರ್ಡಿನ ಬೆನ್ನಿಗೆ ಒಂದು ಪುಟ್ಟ ದೀಪ ಇರುತ್ತದೆ. ಹೊರಗಿನ ಲೋಕ ಸಿಕ್ಕರೆ ಅದು ಹಸಿರಾಗಿ ಉರಿಯುತ್ತದೆ. ಉರಿಯಲಿಲ್ಲ.

ತಂತಿ ಬದಲಿಸಿದಳು. ಉರಿಯಲಿಲ್ಲ. ಕಾರ್ಡನ್ನು ಪಕ್ಕದ ಸಂದಿಗೆ ಹಾಕಿದಳು. ಉರಿಯಲಿಲ್ಲ. ಎರಡನೆಯ ಕಾರ್ಡು ಹಾಕಿದಳು. ಅದೂ ಹಾಗೆಯೇ. ಏಳು ಗಂಟೆಯಾಯಿತು. ಅವಳು ಅಂಗಡಿಯವನನ್ನು ಬೈದಳು. ಕಾರ್ಡು ಮಾಡಿದವರನ್ನು ಬೈದಳು. ಸಿಡಿಲು ಒಳಗೆ ಇನ್ನೇನನ್ನು ಸುಟ್ಟಿದೆಯೋ ಎಂದು ಮಳೆಯನ್ನೂ ಬೈದಳು.

ಶಾಲೆಯ ಗುಮಾಸ್ತ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಮೊದಲಿನಿಂದಲೂ ಆ ಲಿನಕ್ಸ್ ಕಂಡರೆ ಆಗುತ್ತಿರಲಿಲ್ಲ.

“ಅಕ್ಕಾ, ದುಡ್ಡು ಕೊಟ್ಟು ತಂದ ಸಾಮಾನಾಗಿದ್ದರೆ ಕಂಪನಿಗೆ ಫೋನ್ ಮಾಡಬಹುದಿತ್ತು” ಎಂದ. “ಇದು ಊರೊಟ್ಟಿನದು. ಇದು ಕೆಟ್ಟರೆ ಯಾರಿಗೆ ಹೇಳ್ತೀರಿ?”

“ಊರಿಗೇ ಹೇಳ್ತೀನಿ. ಬರೆದು ಕೇಳಿದರೆ ಗಂಟೆಯೊಳಗೆ ಹತ್ತು ಜನ ಉತ್ತರ ಕೊಡ್ತಾರೆ.”

“ಎಲ್ಲಿ ಬರೀತೀರಿ?”

“ಇಂಟರ್ನೆಟ್ಟಿನಲ್ಲಿ” ಎಂದವಳೇ ಬಾಯಿ ಮುಚ್ಚಿದಳು.

ಗುಮಾಸ್ತ ನಕ್ಕ. ಅವಳಿಗೂ ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ನೆಟ್‌ವರ್ಕ್ ಕೆಟ್ಟವರ ಕಷ್ಟ ಇದೇ. ಮದ್ದೆಲ್ಲ ಹೊಳೆಯ ಆಚೆ ದಡದಲ್ಲಿರುತ್ತದೆ, ಮುರಿದಿರುವುದು ಸೇತುವೆ.

ಗುಮಾಸ್ತ ಕಪಾಟಿನಿಂದ ಒಂದು ಸಿ.ಡಿ. ತಂದು ಮೇಜಿನ ಮೇಲಿಟ್ಟ. “ಇರೋದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಬಿಡಿ. ನಲವತ್ತು ನಿಮಿಷದ ಕೆಲಸ. ನನ್ನ ಭಾವನ ಆಫೀಸಲ್ಲಿ ಏನೇ ಕೆಟ್ಟರೂ ಹೀಗೇ ಮಾಡ್ತಾರೆ.”

ಆಗ ಏಳೂಕಾಲು. ಲೆಕ್ಕ ಹಾಕಿದರೆ ಸಮಯ ಸರಿಹೋಗುತ್ತಿತ್ತು. ಅವಳು ಸಿ.ಡಿ.ಯನ್ನು ತೆಗೆದುಕೊಂಡಳು. ಯಂತ್ರದ ಬಾಯಿಯನ್ನೂ ತೆರೆದಳು. ಅದರೊಳಗೆ ಸಿ.ಡಿ. ಇಟ್ಟಳು.

ಗುರುಗಳು ಇಲ್ಲಿ ಮಾತು ನಿಲ್ಲಿಸಿ ನೀರು ಕುಡಿದರು. ಶಿಷ್ಯೆ ಕೇಳಿದಳು. “ಅಳಿಸಿದರೆ ದೀಪ ಹತ್ತುತ್ತಿತ್ತೇ?”

“ಹತ್ತುತ್ತಿತ್ತು” ಎಂದರು ಗುರುಗಳು. “ದೀಪ ಹತ್ತುತ್ತಿತ್ತು. ಪ್ರಶ್ನೆಪತ್ರಿಕೆಯೂ ಬರುತ್ತಿತ್ತು. ಅದನ್ನು ಚುಕ್ಕಿ ಮಾಡುವ ಕನ್ನಡ ಇರುತ್ತಿರಲಿಲ್ಲ.”

ಮತ್ತೆ ಕತೆ ಮುಂದುವರಿಸಿದರು.

ಒಂದು ಗುಂಡಿ ಒತ್ತುವುದಷ್ಟೇ ಬಾಕಿ ಇತ್ತು. ಅವಳ ಬೆರಳು ಗುಂಡಿಯ ಮೇಲಿತ್ತು. ಆಗ ಅವಳಿಗೆ ತಾನು ಒಂದು ವರ್ಷ ತಿದ್ದಿದ ಒತ್ತಕ್ಷರಗಳು ನೆನಪಾದವು. ಬೆರಳನ್ನು ಹಿಂದಕ್ಕೆ ತೆಗೆದಳು. ಏನು ಕೆಟ್ಟಿದೆಯೆಂದೇ ತಿಳಿಯದೆ ಏನನ್ನು ಅಳಿಸಲಿ ಎಂದುಕೊಂಡಳು. ಸಿ.ಡಿ.ಯನ್ನು ಹೊರತೆಗೆದು ಗುಮಾಸ್ತನ ಕೈಗೆ ಕೊಟ್ಟಳು.

“ಒಂದು ಗಂಟೆಯಿಂದ ಕಾರ್ಡಿನ ಜೊತೆ ಜಗಳ ಆಡಿದೆ” ಎಂದಳು. “ಯಂತ್ರವನ್ನು ಒಂದು ಮಾತೂ ಕೇಳಲಿಲ್ಲ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಯಂತ್ರವನ್ನು ಕೇಳತೊಡಗಿದಳು.

ಮೊದಲು ಕೇಳಿದಳು, ಹೊಸ ಕಾರ್ಡು ನಿನಗೆ ಕಾಣುತ್ತಿದೆಯೇ? ಯಂತ್ರ ತನಗೆ ಕಾಣುವುದರ ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ಕಾರ್ಡು ಇತ್ತು. ಹಾಗಿದ್ದರೆ ಕಾರ್ಡು ಸತ್ತಿಲ್ಲ. ಅಂಗಡಿಯವನ ತಪ್ಪೂ ಇಲ್ಲ, ಸಿಡಿಲಿನದೂ ಇಲ್ಲ. ಅವಳು ಮನಸ್ಸಿನಲ್ಲೇ ಇಬ್ಬರ ಕ್ಷಮೆ ಕೇಳಿದಳು.

ಆಮೇಲೆ ಕೇಳಿದಳು, ಈ ಕಾರ್ಡಿನ ಪಕ್ಕ ಯಾವ ದುಭಾಷಿ ನಿಂತಿದ್ದಾನೆ? ಯಾರೂ ಇಲ್ಲ ಎಂದಿತು ಯಂತ್ರ.

ಇಂಥ ಅಂಕಿಯ ಕಾರ್ಡಿಗೆ ಯಾವ ದುಭಾಷಿ ಬೇಕು ಎಂದು ಹೇಳುವ ಕಡತವೂ ಯಂತ್ರದಲ್ಲೇ ಇರುತ್ತದೆ. ಅದನ್ನು ತೆರೆದು ನೋಡಿದಳು. ಹೆಸರು ಸಿಕ್ಕಿತು. ಆ ದುಭಾಷಿ ಯಂತ್ರದ ಉಗ್ರಾಣದಲ್ಲಿ ಇದ್ದಾನೆಯೇ ಎಂದು ನೋಡಿದಳು. ಇದ್ದ. ಹೆಸರು ಹಿಡಿದು ಕರೆದಳು.

ಯಂತ್ರ ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಸುಮ್ಮನೆ ಮುಂದಿನ ಸಾಲಿಗೆ ಬಂದು ನಿಂತಿತು. ದುಭಾಷಿ ಬರಲಿಲ್ಲ.

ಇನ್ನೊಮ್ಮೆ ಕರೆದಳು. ಹಾಗೇ ಆಯಿತು.

ಏಳೂ ಐವತ್ತಾಯಿತು. ಪರೀಕ್ಷೆಗೆ ಬಂದ ಮಕ್ಕಳು ಪಕ್ಕದ ಕೋಣೆಯಲ್ಲಿ ಕೂತಿದ್ದರು. ಹಿಂದಿನ ವರ್ಷ ಫೇಲಾದ ಹುಡುಗಿ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಳು.

“ಅಕ್ಕಾ, ಯಂತ್ರದ ಸದ್ದೇ ಇಲ್ಲ?”

“ಇನ್ನೂ ಇಲ್ಲ ಕಣಮ್ಮ.”

“ಓದೋವರಿಗೆ ಬರೋಕೆ ಹೇಳಿದ್ದಾರಂತೆ. ಮಿಸ್ ಫೋನ್ ಮಾಡ್ತಿದ್ದರು, ನನಗೆ ಕೇಳಿಸ್ತು.”

“ಕೇಳಿಸಿದರೆ ಕೇಳಿಸಲಿ. ನೀನು ಹೋಗಿ ಬೆರಳು ಬೆಚ್ಚಗೆ ಮಾಡಿಕೋ. ಓದೋದು ನೀನೇ.”

ಹುಡುಗಿ ಹೋದಳು. ರಿಪೇರಿಯವಳು ಮತ್ತೆ ಯಂತ್ರದ ಕಡೆಗೆ ತಿರುಗಿದಳು. ಮಾತು ಕೊಟ್ಟಾಗಿತ್ತು.

ಅವಳು ಯೋಚಿಸಿದಳು. ದುಭಾಷಿ ಇದ್ದಾನೆ. ಕಾರ್ಡೂ ಇದೆ. ಕರೆದರೆ ಓಗೊಡುವುದಿಲ್ಲ. ಬರಲಾಗದವನು ಆಗದು ಎಂದಾದರೂ ಹೇಳುತ್ತಿದ್ದ. ಇವನು ಏನೂ ಹೇಳುತ್ತಿಲ್ಲ. ಹಾಗಾದರೆ ಯಾರೋ ಇವನಿಗೆ ಅಪ್ಪಣೆ ಮಾಡಿದ್ದಾರೆ. ಕರೆದರೂ ಬರಬೇಡ, ಸದ್ದೂ ಮಾಡಬೇಡ ಎಂದಿದ್ದಾರೆ. ಆ ಅಪ್ಪಣೆ ಎಲ್ಲೋ ಬರೆದಿರಬೇಕು. ಮುಚ್ಚಿಟ್ಟದ್ದು ಏನೂ ಇಲ್ಲದ ಯಂತ್ರದಲ್ಲಿ ಅದೊಂದು ಮಾತ್ರ ಹೇಗೆ ಮುಚ್ಚಿರುತ್ತದೆ?

ಅವಳು ಯಂತ್ರಕ್ಕೆ ಮತ್ತೊಂದು ಮಾತು ಕೇಳಿದಳು. ನಿನಗೆ ಕಟ್ಟುಪಾಡು ಹೇಳುವ ಕಡತಗಳಲ್ಲಿ ಈ ದುಭಾಷಿಯ ಹೆಸರು ಎಲ್ಲೆಲ್ಲಿದೆ, ಎಲ್ಲವನ್ನೂ ತೋರಿಸು ಎಂದಳು.

ಒಂದೇ ಒಂದು ಕಡತ ಬಂತು.

ಗುಮಾಸ್ತನೂ ಬಂದು ಬೆನ್ನ ಹಿಂದೆ ನಿಂತ. “ಯಾವನಕ್ಕಾ ಅವನು, ಹೀಗೆ ಬಾಯಿ ಕಟ್ಟಿಹಾಕಿದವನು?” ಎಂದ.

ಅವಳು ಕಡತ ತೆರೆದಳು. ಒಳಗೆ ಎರಡೇ ಸಾಲು. ಕೆಳಗಿನ ಸಾಲು ಯಂತ್ರಕ್ಕೆ ಮಾಡಿದ ಅಪ್ಪಣೆ. ಈ ದುಭಾಷಿಯನ್ನು ಕರೆದರೆ ಏನನ್ನೂ ಮಾಡದೆ ಸುಮ್ಮನಿರು ಎಂದಿತ್ತು. ಮೇಲಿನ ಸಾಲು ಯಂತ್ರಕ್ಕಲ್ಲ, ಮನುಷ್ಯರಿಗೆ. ಯಂತ್ರ ಅಂಥ ಸಾಲನ್ನು ಓದದೆ ದಾಟಿಹೋಗುತ್ತದೆ. ಅದರಲ್ಲಿ ಹೀಗಿತ್ತು:

‘ಇವನು ಹಳೆಯ ಕಾರ್ಡಿನ ದುಭಾಷಿಗಿಂತ ಮೊದಲು ಬಂದು, ತನಗೆ ಬಾರದ ಭಾಷೆಯಲ್ಲಿ ಬಾಯಿ ಹಾಕಿ ಕೆಲಸ ಕೆಡಿಸುತ್ತಾನೆ. ಅದಕ್ಕೆ ತಡೆದಿದ್ದೇನೆ. ಹಳೆಯ ಕಾರ್ಡು ಹೋದ ದಿನ ಈ ತಡೆಯನ್ನೂ ತೆಗೆಯಿರಿ.’

ಕೆಳಗೆ ಮೂರು ವರ್ಷದ ಹಿಂದಿನ ತಾರೀಖು. ಅದರ ಪಕ್ಕ ಅವಳದೇ ಹೆಸರು.

ಅವಳು ಆ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರು ವರ್ಷದ ಹಿಂದೆ ಇಬ್ಬರು ದುಭಾಷಿಗಳ ಜಗಳ ಬಿಡಿಸಲು ಒಬ್ಬನನ್ನು ಹೊರಗೆ ನಿಲ್ಲಿಸಿದವಳು ಅವಳೇ. ಈಗ ಹೊಸ ಕಾರ್ಡಿಗೆ ಬೇಕಾದವನು ಅವನೇ. ಅವನು ಅಂದಿನಿಂದ ಇಂದಿನವರೆಗೆ ಅವಳ ಮಾತು ಮೀರದೆ ಹೊರಗೇ ನಿಂತಿದ್ದ.

“ಏನಕ್ಕಾ, ಕಳ್ಳ ಸಿಕ್ಕನಾ?” ಎಂದ ಗುಮಾಸ್ತ.

“ಸಿಕ್ಕಳು” ಎಂದಳು ಅವಳು. “ಪಾಪ, ಒಳ್ಳೆಯವಳು. ಬೀಗ ಹಾಕಿ ಹೋಗಿದ್ದರೂ ಬೀಗದ ಕೈ ಬಾಗಿಲಿಗೇ ತೂಗುಹಾಕಿ ಹೋಗಿದ್ದಾಳೆ.”

ಅಪ್ಪಣೆಯ ಸಾಲನ್ನು ತೆಗೆದಳು. ದುಭಾಷಿಯನ್ನು ಮೂರನೆಯ ಸಲ ಹೆಸರು ಹಿಡಿದು ಕರೆದಳು. ಅವನು ಬಂದ. ಕಾರ್ಡಿನ ಬೆನ್ನಿನ ದೀಪ ಒಮ್ಮೆ ಮಿನುಗಿತು. ಆರಿತು. ಮತ್ತೆ ಹತ್ತಿತು. ಈ ಸಲ ನಿಂತಿತು. ಹಸಿರಾಗಿ ನಿಂತಿತು.

ಗೋಡೆಯ ಗಡಿಯಾರದಲ್ಲಿ ಎಂಟೂ ಇಪ್ಪತ್ತು.

ಎಂಟೂವರೆಗೆ ಪ್ರಶ್ನೆಪತ್ರಿಕೆ ಬಂತು. ಒಂದು ನಿಮಿಷವೂ ತಡವಾಗಲಿಲ್ಲ. ಕನ್ನಡ ಚುಕ್ಕಿಯಾಯಿತು. ಒತ್ತಕ್ಷರ ಒಂದೂ ತಪ್ಪಲಿಲ್ಲ. ಮುದ್ರಣಯಂತ್ರ ಕಾಗದ ಎಳೆದುಕೊಂಡು ಹೊಡೆಯತೊಡಗಿತು. ಆ ಯಂತ್ರದ ಸದ್ದು ಸಣ್ಣದಲ್ಲ. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಇಡೀ ಶಾಲೆಗೆ ಕೇಳುತ್ತದೆ.

ಪಕ್ಕದ ಕೋಣೆಯಲ್ಲಿ ಮಕ್ಕಳ ಮಾತು ನಿಂತಿತು. ಒಂದು ಗಳಿಗೆ ಎಲ್ಲರೂ ಕಿವಿಗೊಟ್ಟರು. ಆಮೇಲೆ ಯಾರೋ ಒಬ್ಬಳು ಡೆಸ್ಕಿನ ಮೇಲೆ ಅಂಗೈಯಿಂದ ಬಡಿದಳು. ಇನ್ನೊಬ್ಬಳು ಬಡಿದಳು. ಎಲ್ಲರೂ ಬಡಿದರು. ಮುದ್ರಣಯಂತ್ರ ಹೊಡೆಯುವ ತಾಳಕ್ಕೆ ಸರಿಯಾಗಿ ಡೆಸ್ಕುಗಳೂ ಹೊಡೆದವು. ಗದರಿಸಲು ಹೋದ ಉಪಾಧ್ಯಾಯಿನಿ ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಗದರಿಸಲಿಲ್ಲ.

ಒಂಬತ್ತಕ್ಕೆ ಪ್ರಶ್ನೆ ಓದುವವರು ಬಂದರು. ಅಷ್ಟರಲ್ಲಿ ಅಚ್ಚು ಸಿದ್ಧವಾಗಿತ್ತು. ಉಪಾಧ್ಯಾಯಿನಿ ಅವರಿಗೆ ಕಾಫಿ ಕೊಟ್ಟು ಕಳಿಸಿದರು.

ಹತ್ತು ಗಂಟೆಗೆ ಆ ಹುಡುಗಿಯ ಮುಂದೆ ಪ್ರಶ್ನೆಪತ್ರಿಕೆ ಇಟ್ಟರು. ಅವಳು ಮೊದಲನೆಯ ಪ್ರಶ್ನೆಯನ್ನು ಬೆರಳಿನಿಂದ ಓದಿದಳು. ಮತ್ತೊಮ್ಮೆ ಓದಿದಳು. ಮೂರನೆಯ ಸಲವೂ ಓದಿದಳು. ಪ್ರಶ್ನೆ ಸುಲಭವಾಗಿತ್ತು. ಮೊದಲನೆಯ ಸಲಕ್ಕೇ ಅರ್ಥವಾಗಿತ್ತು. ಆದರೂ ನಾಲ್ಕನೆಯ ಸಲ ಓದಿದಳು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ನಗುನಗುತ್ತ ಬ್ರೈಲಿನಲ್ಲೇ ಉತ್ತರ ಬರೆಯಲು ತೊಡಗಿದಳು.

ಆ ವರ್ಷ ಅವಳು ಗಣಿತದಲ್ಲಿ ಶಾಲೆಗೇ ಮೊದಲಿಗಳಾದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಯ ಮುಖ ಅರಳಿತ್ತು. ಹುಡುಗಿಯ ಗೆಲುವು ಅವಳದೇ ಗೆಲುವೆಂಬಂತೆ ಕೂತಿದ್ದಳು. ಗುರುಗಳು ಮೇಜಿನ ಮೇಲಿನ ದಪ್ಪ ಪುಸ್ತಕವನ್ನು ಅವಳ ಕಡೆಗೆ ತಳ್ಳಿದರು. ಅವಳ ಮುಖ ಮತ್ತೆ ಸಣ್ಣಗಾಯಿತು.

“ಗುರುಗಳೇ, ನೀವು ಹೇಳೋದು ತಿಳೀತು” ಎಂದಳು. “ಮೂರು ವರ್ಷದ ಹಿಂದೆ ಆ ಒಂದು ಸಾಲು ಬರೆದಿಟ್ಟದ್ದು ಅವಳನ್ನು ಕಾಪಾಡಿತು. ಒಪ್ಪಿದೆ. ಆದರೆ ಅದನ್ನು ಬರೆಯೋವಾಗ ಅವಳು ಗೆದ್ದಿದ್ದಳು. ಇಬ್ಬರು ದುಭಾಷಿಗಳ ಜಗಳ ಬಿಡಿಸಿದೆ ಅಂತ ಬರೆಯೋಕೆ ಯಾರಿಗೆ ಕಷ್ಟ? ನಾನೂ ಬರೀತೀನಿ, ದೊಡ್ಡ ಅಕ್ಷರದಲ್ಲಿ ಬರೀತೀನಿ.”

“ಮತ್ತೆ?”

“ಪರೀಕ್ಷೆಯ ದಿನದ ಮಾತು ಬೇರೆ. ತಾನೇ ಬಾಗಿಲು ಹಾಕಿ, ಅದನ್ನು ಮರೆತು, ಅಂಗಡಿಯವನನ್ನೂ ಸಿಡಿಲನ್ನೂ ಬೈದಳು. ಇನ್ನೊಂದು ಗುಂಡಿ ಒತ್ತಿದ್ದರೆ ಆ ಮಕ್ಕಳ ವರ್ಷವನ್ನೇ ಅಳಿಸುತ್ತಿದ್ದಳು. ನೋಡಿದವನು ಗುಮಾಸ್ತ ಒಬ್ಬನೇ. ಅವನು ಹೇಳದಿದ್ದರೆ ಯಾರಿಗೂ ತಿಳಿಯೋದಿಲ್ಲ. ಅದನ್ನೂ ಅವಳು ಎಲ್ಲರೂ ಓದೋ ಹಾಗೆ ಬರೆದಿಟ್ಟಿರ್ತಾಳೆ ಅಂತೀರಾ? ಯಾರು ಬರೀತಾರೆ ಗುರುಗಳೇ ಅಂಥದನ್ನು?”

ಗುರುಗಳು ಪುಸ್ತಕವನ್ನು ತೆರೆದು, ಅವತ್ತಿನ ತಾರೀಖು ಹಾಕಿ, ಪೆನ್ನನ್ನು ಅವಳ ಮುಂದಿಟ್ಟರು.

“ಬರೆಯದಿದ್ದರೆ ಈ ಕತೆ ನನಗೆ ಹೇಗೆ ತಿಳಿಯಿತು?”

ಶಿಷ್ಯೆ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಷ್ಟು ನಾಚಿಕೆಯಾಯಿತೆಂದು ನನಗೆ ಚೆನ್ನಾಗಿ ಗೊತ್ತು, ಆ ಶಿಷ್ಯೆ ನಾನೇ. ಆಮೇಲೆ ಪೆನ್ನು ತೆಗೆದುಕೊಂಡಳು. ಡಬ್ಬದ ಮೇಲಿನ ಹೆಸರಿನಿಂದ ಬರೆಯಲು ತೊಡಗಿದಳು.

ಆ ಪುಸ್ತಕ ಈಗ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ರೇವಾ, ಇಲ್ಲಿ ಬಾ ಮಗಳೇ. ನಿನ್ನ ಅಜ್ಜಿಯ ಕೈ ಈಗ ಪೆನ್ನಿಗೆ ನಿಲ್ಲುವುದಿಲ್ಲ. ಇದನ್ನು ನೀನು ಬರೆದುಕೋ. ನಿಧಾನವಾದರೂ ಆಗಲಿ, ಕನ್ನಡದಲ್ಲೇ ಬರೆ. ಒತ್ತಕ್ಷರ ತಪ್ಪಿದರೆ ಆಮೇಲೆ ಇಬ್ಬರೂ ಕೂತು ತಿದ್ದೋಣ. ಎಲ್ಲಕ್ಕಿಂತ ಮೊದಲು ಆ ಪದ ಬರೆದುಬಿಡು, ನಾನು ಮತ್ತೆ ಮರೆಯುವುದರೊಳಗೆ. ದುಭಾಷಿ.